ಅಳಿಸಿ ತೋರಿಸಿ, ಮರಳಿ ತಂದು ತೋರಿಸಿ

ಸಂಪಾದಕರಿಗೆ,

ಮಾನ್ಯರೇ,

ಮುದ್ರಣ ಕಾಶಿ ಎಂದು ಹೆಸರಾದ ಗದಗ-ಬೆಟಗೇರಿಯಲ್ಲಿ ತಂದೆಯವರ ಕಾಲದಿಂದ ನಡೆದುಬಂದಿರುವ ಚಿಕ್ಕ ಆಫ್‌ಸೆಟ್ ಮುದ್ರಣಾಲಯವೊಂದನ್ನು ನಾನು ನಡೆಸುತ್ತಿದ್ದೇನೆ. ಕಳೆದ ಅಕ್ಟೋಬರ್‌ನಲ್ಲಿ, ಕ್ಯಾಲೆಂಡರ್ ಮತ್ತು ಡೈರಿಗಳ ಕೆಲಸ ಏರುತ್ತಿದ್ದ ಹೊತ್ತಿನಲ್ಲಿ, ನಮ್ಮ ಕಚೇರಿಯ ಎಲ್ಲ ಕಂಪ್ಯೂಟರ್‌ಗಳಿಗೂ ಜೋಡಿಸಿದ್ದ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯಿಂದ 2011ರಿಂದ 2022ರವರೆಗಿನ ಹನ್ನೆರಡು ವರ್ಷಗಳ ಪುಟವಿನ್ಯಾಸದ ಕಡತಗಳು ಕಣ್ತಪ್ಪಿನಿಂದ ಅಳಿಸಿಹೋದವು. ಅವುಗಳಲ್ಲಿ ಒಂದಷ್ಟು ಮರಳಿ ಬಂದವು, ಒಂದಷ್ಟು ಬರಲಿಲ್ಲ. ನಮ್ಮಂಥ ಮುದ್ರಣಾಲಯಗಳು, ತೆರಿಗೆ ಸಲಹೆಗಾರರ ಕಚೇರಿಗಳು, ದಲಾಲಿ ಅಂಗಡಿಗಳು, ಸಹಕಾರಿ ಸಂಘಗಳು ಇಂಥ ಪೆಟ್ಟಿಗೆಗಳನ್ನು ನಂಬಿಕೊಂಡು ಕೆಲಸ ಮಾಡುತ್ತಿರುವುದರಿಂದ, ನಮಗೆ ತಡವಾಗಿ ತಿಳಿದದ್ದು ಅವರಿಗೆ ಮೊದಲೇ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನ್ಯಾಸ್ ಎಂದು ಅಂಗಡಿಯವರು ಕರೆಯುವ, ನಮ್ಮಲ್ಲಿ ಎಲ್ಲರೂ ಸರ್ವರ್ ಎಂದೇ ಹೇಳುವ ಆ ಪೆಟ್ಟಿಗೆಯನ್ನು 2022ರ ಕೊನೆಯಲ್ಲಿ ಕೊಂಡೆವು. ಎರಡು ಟಿಬಿ (ಟೆರಾಬೈಟ್) ಗಾತ್ರದ ಎರಡು ಹಾರ್ಡ್ ಡಿಸ್ಕ್‌ಗಳಿದ್ದ ಅದನ್ನು ಕೂರಿಸಿಕೊಟ್ಟವರು, "ಒಂದು ಡಿಸ್ಕ್ ಹೋದರೂ ಇನ್ನೊಂದರಲ್ಲಿ ಎಲ್ಲವೂ ಇರುತ್ತದೆ, ನಿಶ್ಚಿಂತೆಯಿಂದಿರಿ" ಎಂದಿದ್ದರು. ಅವರ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಎಂಬುದು ನಮಗೆ ಆಗ ತಿಳಿಯಲಿಲ್ಲ. ಹಳೆಯ ನಾಲ್ಕು ಕಂಪ್ಯೂಟರ್‌ಗಳಲ್ಲಿದ್ದ ಕಡತಗಳನ್ನೆಲ್ಲ ಅವರೇ ಆ ಪೆಟ್ಟಿಗೆಗೆ ತುಂಬಿ, ಆ ಫೋಲ್ಡರಿಗೆ 'ಓಲ್ಡ್ ಬ್ಯಾಕಪ್' ಎಂದು ಹೆಸರಿಟ್ಟು ಹೋದರು. ಕಂಪ್ಯೂಟರ್‌ಗಳನ್ನು ಆರು ತಿಂಗಳ ಬಳಿಕ ನಾವು ಗುಜರಿಗೆ ಹಾಕಿದೆವು. ಅಂದಿನಿಂದ, ಬ್ಯಾಕಪ್ ಎಂಬ ಹೆಸರು ಹೊತ್ತಿದ್ದ ಆ ಫೋಲ್ಡರೇ ನಮ್ಮ ಹನ್ನೆರಡು ವರ್ಷಗಳ ಕೆಲಸದ ಏಕೈಕ ಪ್ರತಿಯಾಗಿತ್ತು. ಇದನ್ನು ಗಮನಿಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಅಕ್ಟೋಬರ್‌ನಲ್ಲಿ ಪೆಟ್ಟಿಗೆ ತುಂಬಿತು ಎಂಬ ಎಚ್ಚರಿಕೆ ಬರತೊಡಗಿತು. ಒಂಬತ್ತು ವರ್ಷಗಳಿಂದ ನಮ್ಮಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡುತ್ತಿರುವ ಹೆಣ್ಣುಮಗಳು, ಕ್ಯಾಲೆಂಡರಿನ ದೊಡ್ಡ ಚಿತ್ರಗಳಿಗೆ ಜಾಗ ಮಾಡಬೇಕೆಂದು, ಬ್ಯಾಕಪ್ ಎಂದರೆ ಇನ್ನೊಂದು ಪ್ರತಿ ಎಂಬ ನ್ಯಾಯವಾದ ನಂಬಿಕೆಯಿಂದ, ಆ ಫೋಲ್ಡರನ್ನು ಅಳಿಸಿದಳು. ಮರುದಿನ ಸಂಜೆ ರೋಣ ತಾಲ್ಲೂಕಿನ ಹಳ್ಳಿಯೊಂದರಿಂದ, ತೀರಿಕೊಂಡ ಶಿಕ್ಷಕರೊಬ್ಬರ ಮಗ ಬಂದು, ತಂದೆಯವರು ತಮ್ಮ ಊರಿನ ಬಗ್ಗೆ ಬರೆದು 2016ರಲ್ಲಿ ನಮ್ಮಲ್ಲಿಯೇ ಅಚ್ಚು ಹಾಕಿಸಿದ್ದ ಪುಸ್ತಕವನ್ನು ಮತ್ತೆ ಮುದ್ರಿಸಿಕೊಡಿ ಎಂದು ಕೇಳಿದಾಗಲೇ ನಾವು ಹುಡುಕಿದ್ದು. "ಅಣ್ಣಾರ, ಅದು ಹಳೇ ಬ್ಯಾಕಪ್ ಅಂತ ನಿನ್ನೆ ನಾನ ತಗದ ಹಾಕೇನ್ರೀ. ರಿಸೈಕಲ್ ಬಿನ್ನಿನ್ಯಾಗ ಇರ್ತದ ತಡೀರಿ" ಎಂದು ಅವಳು ನಗುತ್ತಲೇ ಹೇಳಿದಳು. ಬಿನ್ ತೆರೆದು ನೋಡಿದಾಗ ಅದು ಖಾಲಿಯಾಗಿತ್ತು. ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ಇನ್ನೂ ಮರೆತಿಲ್ಲ.

ಬಹಳಷ್ಟು ಕಚೇರಿಗಳಲ್ಲಿ ಜನರಿಗೆ ಗೊತ್ತಿಲ್ಲದಿರುವುದು ಇಲ್ಲಿಯೇ. ನಮ್ಮ ಕಂಪ್ಯೂಟರಿನ ಒಳಗಿನ ಡಿಸ್ಕಿನಿಂದ ಕಡತವನ್ನು ಅಳಿಸಿದರೆ ಅದು ರಿಸೈಕಲ್ ಬಿನ್ನಿಗೆ ಹೋಗಿ ಕೂರುತ್ತದೆ. ಆದರೆ ಝಡ್ ಡ್ರೈವ್, ವೈ ಡ್ರೈವ್ ಎಂದು ಪರದೆಯ ಮೇಲೆ ಕಾಣಿಸುವ ಡ್ರೈವ್ ನೆಟ್‌ವರ್ಕಿನ ಮೂಲಕ ಜೋಡಿಸಿದ್ದಾದರೆ, ಅದರಿಂದ ಅಳಿಸಿದ್ದು ಸಾಮಾನ್ಯವಾಗಿ ಆ ಬಿನ್ನಿಗೆ ಬರುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ನೋಡಲು ಎರಡೂ ಡ್ರೈವ್‌ಗಳು ಒಂದೇ ಬಗೆಯಾಗಿರುತ್ತವೆ, ಒತ್ತುವ ಗುಂಡಿಯೂ ಒಂದೇ. ವ್ಯತ್ಯಾಸವೆಂದರೆ ನೆಟ್‌ವರ್ಕ್ ಡ್ರೈವಿನಿಂದ ಅಳಿಸುವ ಮುನ್ನ ವಿಂಡೋಸ್ ಕೇಳುವ ಪ್ರಶ್ನೆಯಲ್ಲಿ 'ಪರ್ಮನೆಂಟ್ಲಿ' ಎಂಬ ಒಂದು ಪದ ಇರುತ್ತದೆ. ದಿನಕ್ಕೆ ಐವತ್ತು ಬಾರಿ ಇಂಥ ಪ್ರಶ್ನೆಗಳಿಗೆ 'ಯೆಸ್' ಒತ್ತುವವರು, ಅದರಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಓದಿ ನುಡಿ, ಪೇಜ್‌ಮೇಕರ್, ಕೋರೆಲ್ ಡ್ರಾ ತಂತ್ರಾಂಶಗಳನ್ನು ಕೈಕೆಲಸದಂತೆ ಕಲಿತುಬಂದವರು, ಆ ಒಂದು ಇಂಗ್ಲಿಷ್ ಪದದ ಮೇಲೆ ಕಣ್ಣು ನಿಲ್ಲಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ವಿಂಡೋಸ್‌ಗೆ ಕನ್ನಡ ಭಾಷೆಯ ಪ್ಯಾಕ್ ಇದೆ, ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ಆದರೆ ಕಂಪ್ಯೂಟರ್ ಮಾರುವವರು ಅದನ್ನು ಹಾಕಿಕೊಟ್ಟದ್ದನ್ನು ನಾನು ಎಲ್ಲಿಯೂ ಕಂಡಿಲ್ಲ, ನಾವೂ ಕೇಳಿ ಹಾಕಿಸಿಕೊಂಡಿಲ್ಲ. 'ಶಾಶ್ವತವಾಗಿ ಅಳಿಸಬೇಕೆ?' ಎಂದು ಆ ದಿನ ಪರದೆ ಕೇಳಿದ್ದರೆ ಅವಳ ಕೈ ತಡೆಯುತ್ತಿತ್ತೆಂದೇ ನಾನು ನಂಬಿದ್ದೇನೆ.

ಅಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ತಮ್ಮದೇ ಆದ ರಿಸೈಕಲ್ ಬಿನ್ ಇರುತ್ತದೆ. ಕೆಲವದರಲ್ಲಿ ಪ್ರತಿ ಹಂಚಿಕೆಯ ಫೋಲ್ಡರಿಗೂ ಅದನ್ನು ಬೇರೆಯಾಗಿ ಚಾಲೂ ಮಾಡಬೇಕಾಗುತ್ತದೆ. ಅನೇಕ ಪೆಟ್ಟಿಗೆಗಳಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವೂ ಇರುತ್ತದೆ. ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಇಡೀ ಫೋಲ್ಡರ್ ಆ ಕ್ಷಣದಲ್ಲಿ ಹೇಗಿತ್ತೆಂಬುದನ್ನು ಅದು ಹಿಡಿದಿಡುತ್ತದೆ, ಬದಲಾದ ಭಾಗಕ್ಕೆ ಮಾತ್ರ ಜಾಗ ತೆಗೆದುಕೊಳ್ಳುತ್ತದೆ, ಬೇಕೆಂದಾಗ ನಿನ್ನೆಯ ಸ್ಥಿತಿಯನ್ನು ಕೆಲವೇ ನಿಮಿಷಗಳಲ್ಲಿ ಮರಳಿ ಕೊಡುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಎರಡೂ ಇದ್ದವು, ಎರಡನ್ನೂ ಚಾಲೂ ಮಾಡಿರಲಿಲ್ಲ. ಇನ್ನು ಎರಡು ಡಿಸ್ಕ್‌ಗಳ ಮಾತು. ರೇಡ್ 1 ಎಂಬ ಆ ವ್ಯವಸ್ಥೆ ಒಂದು ಡಿಸ್ಕಿನಲ್ಲಿ ಬರೆದದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿಯೂ ಬರೆಯುತ್ತದೆ. ಆದ್ದರಿಂದಲೇ ಒಂದರಲ್ಲಿ ಅಳಿಸಿದ್ದನ್ನು ಅದೇ ಗಳಿಗೆಯಲ್ಲಿ ಇನ್ನೊಂದರಲ್ಲಿಯೂ ಅಳಿಸುತ್ತದೆ. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ಕೈತಪ್ಪಿಗೆ ಅದರಲ್ಲಿ ಮದ್ದಿಲ್ಲ.

ಅಳಿಸಿದ ಕಡತ ಆ ಕೂಡಲೇ ನಾಶವಾಗುವುದಿಲ್ಲ ಎಂಬುದೂ, ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ನಮ್ಮ ಮುಂದಿನ ನಡೆಯನ್ನೇ ಅವಲಂಬಿಸಿದೆ ಎಂಬುದೂ ನನಗೆ ತಂದೆಯವರ ಕಾಲದ ಕೆಲಸದ ನೆನಪಿನಿಂದ ಚೆನ್ನಾಗಿ ಅರ್ಥವಾಯಿತು. ಅವರು ಟ್ರೆಡಲ್ ಯಂತ್ರದ ಕಾಲದವರು. ಮೊಳೆ, ಅಂದರೆ ಸೀಸದ ಬಿಡಿ ಅಕ್ಷರಗಳನ್ನು ಜೋಡಿಸಿದ ಪುಟವೊಂದು ಅಚ್ಚಾಗಿ ಮುಗಿದ ಮೇಲೂ ಅದನ್ನು ಕೂಡಲೇ ಬಿಚ್ಚುತ್ತಿರಲಿಲ್ಲ, ದಾರ ಸುತ್ತಿ ಗ್ಯಾಲಿ ಎಂಬ ತಟ್ಟೆಯಲ್ಲಿ ಒಂದು ಬದಿಗೆ ಸರಿಸಿಡುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಅದು ಮುಗಿದ ಕೆಲಸ, ಆದರೆ ಮೊಳೆಗಳು ಸಾಲುಸಾಲಾಗಿ ಹಾಗೆಯೇ ನಿಂತಿರುತ್ತಿದ್ದವು. ಮುಂದಿನ ಕೆಲಸಕ್ಕೆ ಅಕ್ಷರ ಸಾಲದೆ ಹೋದಾಗ ಮಾತ್ರ ಅದರಿಂದ ಒಂದೊಂದೇ ಮೊಳೆಯನ್ನು ಕಿತ್ತುಕೊಳ್ಳುತ್ತಿದ್ದರು, ಆಮೇಲೆ ಆ ಪುಟವನ್ನು ಯಾರೂ ಓದಲಾಗುತ್ತಿರಲಿಲ್ಲ. ಡಿಸ್ಕಿನಲ್ಲಿ ಅಳಿಸಿದ ಕಡತವೂ ಹೀಗೆಯೇ. ಅದಿದ್ದ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಗುರುತಾಗುತ್ತದೆ. ಬೇರೊಂದು ಕಡತ ಬಂದು ಆ ಜಾಗವನ್ನು ತುಂಬುವವರೆಗೆ ಅಕ್ಷರಗಳು ಅಲ್ಲಿಯೇ ಇರುತ್ತವೆ. (ಎಸ್‌ಎಸ್‌ಡಿ ಬಗೆಯ ಡಿಸ್ಕ್‌ಗಳ ಮಾತು ಬೇರೆ, ಟ್ರಿಮ್ ಎಂಬ ಆಜ್ಞೆ ಜಾರಿಯಲ್ಲಿದ್ದರೆ ಅಳಿಸಿದ ಜಾಗವನ್ನು ಡಿಸ್ಕ್ ತಾನೇ ಬೇಗನೆ ಒರೆಸಿಬಿಡುತ್ತದೆ.)

ನಾವು ಮಾಡಿದ ದೊಡ್ಡ ತಪ್ಪು ಅಳಿಸಿದ್ದಲ್ಲ, ಅಳಿಸಿದ ಬಳಿಕ ಕೆಲಸವನ್ನು ನಿಲ್ಲಿಸದೆ ಇದ್ದದ್ದು. ಅಳಿಸಿದ್ದು ಗೊತ್ತಾಗುವವರೆಗೆ ಒಂದೂವರೆ ದಿನ ಕ್ಯಾಲೆಂಡರಿನ ಹೊಸ ಕಡತಗಳು ಅದೇ ಪೆಟ್ಟಿಗೆಯ ಮೇಲೆ ಬೀಳುತ್ತಿದ್ದವು. ಅದು ನಮ್ಮ ಕೈಮೀರಿದ್ದು. ಗೊತ್ತಾದ ಮೇಲೆ ಕೂಡ ಪೆಟ್ಟಿಗೆಯನ್ನು ಆರಿಸದೆ, ಪರಿಚಯದ ಒಬ್ಬರನ್ನು ಕರೆಸಿ, ಅಂತರ್ಜಾಲದಿಂದ ಇಳಿಸಿಕೊಂಡ ಪುಕ್ಕಟೆ ತಂತ್ರಾಂಶವನ್ನು ನಮ್ಮ ಕಂಪ್ಯೂಟರಿನಲ್ಲಿ ಓಡಿಸಿದೆವು. ಅದಕ್ಕೆ ಝಡ್ ಡ್ರೈವ್ ಕಾಣಿಸಲೇ ಇಲ್ಲ. ನೆಟ್‌ವರ್ಕಿನ ಮೂಲಕ ನೋಡುವ ಕಂಪ್ಯೂಟರಿಗೆ ಕಡತಗಳಷ್ಟೇ ಸಿಗುತ್ತವೆ, ಡಿಸ್ಕಿನ ಮೈ ಸಿಗುವುದಿಲ್ಲ, ಹಾಗಾಗಿ ಅಲ್ಲಿಂದ ಹುಡುಕಿ ಪ್ರಯೋಜನವಿಲ್ಲ ಎಂಬುದು ಅವರಿಗೂ ತಿಳಿದಿರಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ರೀಸೆಟ್ ಮಾಡಿ, ಅಂದರೆ ಹೊಸದರಂತೆ ಮಾಡಿ ನೋಡೋಣ ಎಂದರು. ನನಗೆ ಆಗ ಏನನ್ನಿಸಿತೋ, ಬೇಡ ಎಂದೆ. ಇವತ್ತಿಗೂ ಅದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಮರುದಿನ ಹುಬ್ಬಳ್ಳಿಯಿಂದ ಬಂದ ತಂತ್ರಜ್ಞರು ಮೊದಲು ಮಾಡಿದ್ದು ಪೆಟ್ಟಿಗೆಯನ್ನು ಕ್ರಮವಾಗಿ ಆರಿಸಿ, ಜಾಲದ ತಂತಿಯನ್ನು ಕಿತ್ತು, ಡಿಸ್ಕ್‌ಗಳನ್ನು ಹೊರಗೆಳೆಯುವ ಮುನ್ನ ಅವುಗಳ ಮೇಲೆ ಮಾರ್ಕರ್ ಪೆನ್ನಿನಿಂದ 1, 2 ಎಂದು ಬರೆದದ್ದು. ಮೂರು ನಾಲ್ಕು ಡಿಸ್ಕ್‌ಗಳ ಪೆಟ್ಟಿಗೆಗಳಲ್ಲಿ ಕಡತ ತುಂಡುತುಂಡಾಗಿ ಎಲ್ಲ ಡಿಸ್ಕ್‌ಗಳಲ್ಲಿ ಹಂಚಿಹೋಗಿರುವುದರಿಂದ, ಯಾವುದು ಯಾವ ಕ್ರಮದಲ್ಲಿತ್ತು ಎಂಬುದು ತಪ್ಪಿದರೆ ಜೋಡಿಸುವುದೇ ಕಷ್ಟವಂತೆ. ನಮ್ಮಲ್ಲಿ ಎರಡೇ ಇದ್ದರೂ ಅವರು ಆ ಶಿಸ್ತನ್ನು ಬಿಡಲಿಲ್ಲ. ಮೂಲ ಡಿಸ್ಕಿನ ಮೇಲೆ ನೇರವಾಗಿ ಕೈ ಹಾಕದೆ, ಖಾಲಿ ಜಾಗವನ್ನೂ ಬಿಡದಂತೆ ಇಡೀ ಡಿಸ್ಕಿನ ಪಡಿಯಚ್ಚನ್ನು ಹೊಸ ಡಿಸ್ಕಿಗೆ ಇಳಿಸಿಕೊಂಡರು, ಅದಕ್ಕೇ ಒಂದು ರಾತ್ರಿ ಹಿಡಿಯಿತು. ಹುಡುಕಾಟವೆಲ್ಲ ಆ ಪಡಿಯಚ್ಚಿನ ಮೇಲೆ. ಸಿಕ್ಕಿದ್ದನ್ನು ಇಟ್ಟದ್ದು ಮೂರನೆಯ ಡಿಸ್ಕಿನ ಮೇಲೆ.

ಪಡಿಯಚ್ಚು ಇಳಿಯುತ್ತಿದ್ದ ಹೊತ್ತಿನಲ್ಲಿ ಅವರು ನಮ್ಮನ್ನು ಸುಮ್ಮನೆ ಕೂರಗೊಡಲಿಲ್ಲ. ಕಡತಗಳು ಬೇರೆಲ್ಲಿ ಇರಬಹುದೆಂದು ನೆನಪಿಸಿಕೊಳ್ಳಿ ಎಂದರು. ಆಗ ಹೊಳೆಯಿತು: ಮುದ್ರಣದ ಪ್ಲೇಟ್ ಮಾಡಿಸಲು ಸಿಟಿಪಿ (ಕಂಪ್ಯೂಟರಿನಿಂದ ನೇರವಾಗಿ ಪ್ಲೇಟ್ ಮಾಡುವ) ಅಂಗಡಿಗೆ ನಾವು ಕಳಿಸಿದ್ದ ಪಿಡಿಎಫ್‌ಗಳು ಅಲ್ಲಿನ ಕಂಪ್ಯೂಟರಿನಲ್ಲಿ ಎರಡು ವರ್ಷಗಳಷ್ಟು ಉಳಿದಿದ್ದವು. ಜಿಮೇಲ್‌ನಲ್ಲಿ ಕಳಿಸಿದ ಅಂಚೆಗಳ ಪಟ್ಟಿಯಲ್ಲಿ ಕರಡು ತಿದ್ದಲು ಗ್ರಾಹಕರಿಗೆ ಕಳಿಸಿದ್ದ ನೂರಾರು ಪ್ರತಿಗಳು ಸಿಕ್ಕವು. ಸಹಕಾರಿ ಸಂಘವೊಂದರ ಕಾರ್ಯದರ್ಶಿಗಳು ಐದು ವರ್ಷಗಳ ವಾರ್ಷಿಕ ವರದಿಗಳನ್ನು ಪೆನ್‌ಡ್ರೈವಿನಲ್ಲಿ ತಾವೇ ತಂದುಕೊಟ್ಟರು. ಕ್ಲೌಡಿನಲ್ಲಿ ಕಡತ ಇಡುವವರಿಗೆ ಇನ್ನೊಂದು ಮಾತು ಹೇಳಬೇಕು. ಗೂಗಲ್ ಡ್ರೈವ್ ಅಳಿಸಿದ ಕಡತವನ್ನು ಕಸದ ಪೆಟ್ಟಿಗೆಯಲ್ಲಿ 30 ದಿನ ಇಟ್ಟು ಆಮೇಲೆ ತಾನಾಗಿಯೇ ತೆಗೆದುಹಾಕುತ್ತದೆ, ಆದ್ದರಿಂದ ಅಲ್ಲಿ ಹುಡುಕುವುದಿದ್ದರೆ ಕೂಡಲೇ ಹುಡುಕಬೇಕು.

ಇನ್ನು ಡಿಸ್ಕಿನಿಂದ ಬಂದದ್ದರ ಸಂಗತಿ. ಇಂಥ ಪೆಟ್ಟಿಗೆಗಳು ಹೆಚ್ಚಾಗಿ ಲಿನಕ್ಸ್‌ನ ಕಡತ ವ್ಯವಸ್ಥೆಯನ್ನು ಬಳಸುತ್ತವೆ. ನಮ್ಮದರಲ್ಲಿದ್ದ ಇಎಕ್ಸ್‌ಟಿ4 ಎಂಬುದು ಕಡತ ಅಳಿದೊಡನೆ ಅದು ಡಿಸ್ಕಿನಲ್ಲಿ ಎಲ್ಲೆಲ್ಲಿ ಇತ್ತು ಎಂಬ ಸೂಚಿಯನ್ನೂ ಒರೆಸಿಬಿಡುತ್ತದೆ. ಆದ್ದರಿಂದ ಕಡತದ ಹೆಸರನ್ನು ಹಿಡಿದು ಹುಡುಕಲು ಬರುವುದಿಲ್ಲ. ಪಿಡಿಎಫ್ ಹೀಗೆ ಆರಂಭವಾಗುತ್ತದೆ, ಚಿತ್ರ ಹೀಗೆ ಆರಂಭವಾಗುತ್ತದೆ ಎಂಬ ಗುರುತನ್ನು ಹಿಡಿದು ಡಿಸ್ಕಿನ ಉದ್ದಕ್ಕೂ ಜಾಲಾಡಬೇಕು. ಹಾಗೆ ಸಿಕ್ಕ ಕಡತಗಳಿಗೆ ಹೆಸರಿಲ್ಲ, ತಾರೀಖಿಲ್ಲ, ಫೋಲ್ಡರಿಲ್ಲ. ಎಫ್ ಎಂಬ ಅಕ್ಷರದ ಮುಂದೆ ಏಳೆಂಟು ಅಂಕಿಗಳು, ಅಷ್ಟೇ. ಅಂಥವು ಮೂವತ್ತೊಂದು ಸಾವಿರ ಬಂದವು. ಮದುವೆ ಪತ್ರಿಕೆಯೂ, ಗೃಹಪ್ರವೇಶದ ಕಾರ್ಡೂ, ಕವನ ಸಂಕಲನದ ಕೊನೆಯ ಫಾರ್ಮೂ ಒಂದೇ ರಾಶಿಯಲ್ಲಿದ್ದವು. ಪಿಡಿಎಫ್‌ಗಳು ಬಹಳಷ್ಟು ತೆರೆದುಕೊಂಡವು. ಪೇಜ್‌ಮೇಕರ್ ಕಡತಗಳಲ್ಲಿ ಹೆಚ್ಚಿನವು ಅರ್ಧ ಮಾತ್ರ ಉಳಿದಿದ್ದುದರಿಂದ ತೆರೆಯಲೇ ಇಲ್ಲ.

ಕನ್ನಡದ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ಸಂಕಟವಿದೆ. ನಮ್ಮ ಹಳೆಯ ಕಡತಗಳೆಲ್ಲ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡಿಗೆ ಮುಂಚಿನ ಪದ್ಧತಿಯ ನುಡಿ ಅಕ್ಷರಗಳಲ್ಲಿವೆ. ಕಣ್ಣಿಗೆ 'ಕನ್ನಡ' ಎಂದು ಕಾಣುವುದು ಯಂತ್ರದ ಒಳಗೆ ರೋಮನ್ ಅಕ್ಷರಗಳ ಅಸಂಬದ್ಧ ಸಾಲಾಗಿರುತ್ತದೆ. ಹಾಗಾಗಿ ರಾಶಿಯಲ್ಲಿ ಪುಸ್ತಕದ ಹೆಸರನ್ನೋ ಲೇಖಕರ ಊರನ್ನೋ ಕನ್ನಡದಲ್ಲಿ ಟೈಪಿಸಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಒಂದೊಂದನ್ನೇ ತೆರೆದು, ಕಣ್ಣಿನಿಂದ ಓದಿ, ಗುರುತಿಸಿ, ಹೆಸರಿಡಬೇಕು. ಆ ಕೆಲಸವನ್ನು ಮಾಡುತ್ತಿರುವವಳು ಅದೇ ಹೆಣ್ಣುಮಗಳು. ನಷ್ಟವನ್ನು ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಅವಳು ಅತ್ತಾಗ, ಅವಳ ತಂದೆ ಮರುದಿನ ಕೈಮುಗಿದು ಬಾಗಿಲಲ್ಲಿ ನಿಂತಾಗ, ನನಗೆ ನಾಚಿಕೆಯಾಯಿತು. ಪೆಟ್ಟಿಗೆ ಕೂರಿಸಿದವರನ್ನು ಪ್ರಶ್ನೆ ಕೇಳದೆ ಬಿಟ್ಟವನು ನಾನು, ಫೋಲ್ಡರಿನ ಸುಳ್ಳು ಹೆಸರನ್ನು ವರ್ಷಗಟ್ಟಲೆ ನೋಡಿಯೂ ಬದಲಿಸದವನು ನಾನು.

ದೊಡ್ಡ ಸಂಸ್ಥೆಗಳಲ್ಲಿಯೂ ಹೀಗಾಗಿರುವುದನ್ನು ಅವಳಿಗೆ ಹೇಳಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯ ಎಂಜಿನಿಯರ್ ಒಬ್ಬರು ಹೊತ್ತುಮೀರಿದ ಕೆಲಸದಲ್ಲಿ, ಯಾವ ಸರ್ವರಿನ ಮೇಲೆ ಕೈಯಿಟ್ಟಿದ್ದೇನೆಂಬುದು ತಪ್ಪಿ, ನಡೆಯುತ್ತಿದ್ದ ಮೂಲ ದತ್ತಾಂಶವನ್ನೇ ಅಳಿಸತೊಡಗಿದರು. ಕ್ಷಣಗಳಲ್ಲಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅವರ ಬಳಿ ಪ್ರತಿ ಕಾಯ್ದಿಡುವ ಐದು ಬಗೆಯ ವ್ಯವಸ್ಥೆಗಳಿದ್ದವು, ಆ ಹೊತ್ತಿಗೆ ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸುಮಾರು ಆರು ತಾಸು ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನ ಸಂಗ್ರಹದಿಂದ 77 ಟಿಬಿಯಷ್ಟು, ಅಂದರೆ ಸುಮಾರು 3.4 ಕೋಟಿ ಕಡತಗಳು ಅಳಿಸಿಹೋದವು. ಅಳಿಸಿದ್ದು ಮನುಷ್ಯನ ಬೆರಳಲ್ಲ, ಬ್ಯಾಕಪ್ ತೆಗೆಯಲೆಂದೇ ಇದ್ದ ಪ್ರೋಗ್ರಾಂ. ಅದು ಓಡುತ್ತಿರುವಾಗಲೇ ಅದರ ತಿದ್ದಿದ ರೂಪವನ್ನು ಹಳೆಯದರ ಮೇಲೆ ಹಾಕಿದ್ದರಿಂದ, ಹಳೆಯ ದಾಖಲೆಗಳ ಬದಲು ಸಂಶೋಧಕರ ಕಡತಗಳನ್ನೇ ಅದು ಅಳಿಸುತ್ತ ಹೋಯಿತು. ಹದಿನಾಲ್ಕು ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು, ಅವುಗಳಲ್ಲಿ ನಾಲ್ಕು ತಂಡಗಳ ಕಡತಗಳು ಮರಳಲೇ ಇಲ್ಲ. ಅಲ್ಲಿ ಯಂತ್ರ ಒದಗಿಸಿದ ಸಂಸ್ಥೆ ತಪ್ಪು ಪೂರ್ತಿಯಾಗಿ ತನ್ನದೆಂದು ಬರೆದುಕೊಟ್ಟಿತು. ಹೊಣೆಯನ್ನು ಕೆಲಸಗಾರರ ತಲೆಗೆ ಕಟ್ಟುವ ನಮ್ಮ ಕಡೆಯ ರೂಢಿಗೆ ಇದು ಹೊಸದು.

ಲೆಕ್ಕಪತ್ರದ ವಿಷಯವನ್ನೂ ಹೇಳಬೇಕು, ಏಕೆಂದರೆ ಅಲ್ಲಿ ಕಾನೂನಿನ ಮಾತಿದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳವರೆಗೆ ಲೆಕ್ಕಗಳನ್ನು ಕಾಯ್ದಿಡಬೇಕು. ಕಂಪ್ಯೂಟರಿನಲ್ಲಿಟ್ಟ ದಾಖಲೆಗಳು ಅಪಘಾತದಿಂದ ನಾಶವಾದರೂ ತಕ್ಕ ಅವಧಿಯಲ್ಲಿ ಮರಳಿ ಪಡೆಯಲು ಬರುವಂತೆ ಬ್ಯಾಕಪ್ ಇರಬೇಕೆಂದು 57ನೇ ನಿಯಮ ಹೇಳುತ್ತದೆ. ಕಂಪನಿಗಳಾಗಿ ನೋಂದಾಯಿಸಿಕೊಂಡವರಿಗೆ 2022ರ ತಿದ್ದುಪಡಿಯ ಬಳಿಕ ಅಂಥ ಬ್ಯಾಕಪ್ಪನ್ನು ಪ್ರತಿದಿನವೂ ತೆಗೆಯಬೇಕಾದ ನಿಯಮವಿದೆ. ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿದ್ದ ನಮ್ಮ ಲೆಕ್ಕಗಳೂ ಅದೇ ಫೋಲ್ಡರಿನ ಒಳಗೆ ಸೇರಿಕೊಂಡು ಅಳಿದಿದ್ದವು. ನಮ್ಮನ್ನು ಉಳಿಸಿದ್ದು ಹಿರಿಯ ಲೆಕ್ಕಿಗರ ಒಂದು ಅಭ್ಯಾಸ. ಪ್ರತಿ ಅಮಾವಾಸ್ಯೆಯಂದು ಯಂತ್ರಪೂಜೆಯಾಗಿ ಕಾಯಿ ಒಡೆದ ಮೇಲೆ ಅವರು ಟ್ಯಾಲಿಯ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಇಳಿಸಿ, ಕೊನೆಯ ಚೀಟಿಯೊಂದು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ, ಮನೆಯ ಕಪಾಟಿನಲ್ಲಿ ಇಡುತ್ತಿದ್ದರು. ಅಳಿಸಿದ್ದು ಅಮಾವಾಸ್ಯೆಯ ಒಂಬತ್ತನೇ ದಿನ. ಒಂಬತ್ತು ದಿನಗಳ ಬಿಲ್ಲುಗಳನ್ನು ಮತ್ತೆ ಬರೆದುಕೊಂಡೆವು, ಅಲ್ಲಿಗೆ ಆ ಚಿಂತೆ ಮುಗಿಯಿತು. ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಕಟ್ಟಡದ ಹೊರಗಿರಬೇಕು ಎಂದು ತಂತ್ರಜ್ಞರು ಹೇಳುವ ನಿಯಮದ ಸಾರವನ್ನು ಅವರು ಯಾರಿಂದಲೂ ಕೇಳದೆಯೇ ಪಾಲಿಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ತೆಗೆದ ಪ್ರತಿಯನ್ನು ತೆರೆದು ನೋಡುತ್ತಿದ್ದರು.

ಈ ಪತ್ರದ ಮೂಲಕ ನಾನು ಕೇಳುವುದು ಮುಖ್ಯವಾಗಿ ಒಂದೇ. ನೆಟ್‌ವರ್ಕ್ ಸ್ಟೋರೇಜ್ ಮಾರಿ ಕೂರಿಸಿಕೊಡುವವರು, ಹಣ ಪಡೆದು ಹೊರಡುವ ಮುನ್ನ, ಕೊಂಡವರ ಎದುರಿನಲ್ಲಿಯೇ, ಅವರ ಕೆಲಸಗಾರರ ಕೈಯಿಂದಲೇ ಒಂದು ಫೋಲ್ಡರನ್ನು ಅಳಿಸಿ ಅದನ್ನು ಮರಳಿ ತಂದು ತೋರಿಸಬೇಕು. ಅದಕ್ಕೆ ಹತ್ತು ನಿಮಿಷ ಸಾಕು. ಮರಳಿ ಬರದಿದ್ದರೆ ರಿಸೈಕಲ್ ಬಿನ್ನೂ ಸ್ನ್ಯಾಪ್‌ಶಾಟೂ ಚಾಲೂ ಆಗಿಲ್ಲವೆಂದು ಅಲ್ಲಿಯೇ ಗೊತ್ತಾಗುತ್ತದೆ. ಮುಗಿದ ಕೆಲಸಗಳ ಫೋಲ್ಡರನ್ನು ಓದಲು ಮಾತ್ರ ಬರುವಂತೆ, ಅಳಿಸಲು ಬಾರದಂತೆ ಮಾಡಿಕೊಡುವುದೂ ಅವರಿಗೆ ಎರಡು ನಿಮಿಷದ ಕೆಲಸ. ಕೊಳ್ಳುವವರು ಇದನ್ನು ಕೇಳದೆ ಬಿಲ್ ಪಾವತಿಸಬಾರದು. ಮುದ್ರಕರ ಸಂಘಗಳೂ ಜಿಲ್ಲಾ ಕೈಗಾರಿಕಾ ಕೇಂದ್ರಗಳೂ ಯಂತ್ರ ಕೊಳ್ಳುವ ಸಾಲದ ಬಗ್ಗೆ ಸಭೆ ನಡೆಸುವಂತೆಯೇ ಇದಕ್ಕೂ ಅರ್ಧ ದಿನ ಕೊಡಲಿ. ಐಟಿಐಗಳ ಕಂಪ್ಯೂಟರ್ ಆಪರೇಟರ್ ತರಬೇತಿಯಲ್ಲಿ, ಹಂಚಿಕೆಯ ಡ್ರೈವಿನಿಂದ ಅಳಿಸಿದ್ದನ್ನು ಮರಳಿ ಪಡೆಯುವುದು ಕೈಯಾರೆ ಮಾಡಿ ಕಲಿಯುವ ಪಾಠವಾಗಲಿ.

ಲೇಖಕರಲ್ಲಿಯೂ ಒಂದು ವಿನಂತಿ. ಪುಸ್ತಕ ಅಚ್ಚಾದ ದಿನವೇ ನಿಮ್ಮ ಮುದ್ರಕರಿಂದ ಅದರ ಪಿಡಿಎಫ್ ಪ್ರತಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ. ಕೊಡಲು ಹಿಂಜರಿಯುವ ಮುದ್ರಕರು ನನಗೂ ಗೊತ್ತು, ನಾನೂ ಹಿಂದೆ ಹಾಗೆಯೇ ಇದ್ದೆ. ಈಗ ಪ್ರತಿ ಪುಸ್ತಕದ ಕಟ್ಟಿನ ಜೊತೆ ನಾವೇ ಒಂದು ಪೆನ್‌ಡ್ರೈವ್ ಇಟ್ಟು ಕಳಿಸುತ್ತಿದ್ದೇವೆ.

ಆ ಶಿಕ್ಷಕರ ಪುಸ್ತಕ ರಾಶಿಯಲ್ಲಿ ಇನ್ನೂ ಸಿಕ್ಕಿಲ್ಲ. ಅವರ ಮನೆಯಲ್ಲಿ ಉಳಿದಿದ್ದ ಒಂದೇ ಮುದ್ರಿತ ಪ್ರತಿಯನ್ನು ಮಗ ತಂದುಕೊಟ್ಟಿದ್ದಾರೆ. ಅದನ್ನು ನೋಡಿಕೊಂಡು ನಮ್ಮ ಹೆಣ್ಣುಮಗಳು ಈ ಸಲ ಯೂನಿಕೋಡಿನಲ್ಲಿ ಮತ್ತೆ ಟೈಪಿಸುತ್ತಿದ್ದಾಳೆ. 212 ಪುಟಗಳಲ್ಲಿ 140 ಮುಗಿದಿವೆ, ಕರಡನ್ನು ಮಗನೇ ತಿದ್ದುತ್ತಿದ್ದಾರೆ.

ಇತಿ ತಮ್ಮ ವಿಶ್ವಾಸಿ,

ಒಬ್ಬ ಮುದ್ರಕ, ಗದಗ-ಬೆಟಗೇರಿ